ಮೀನಿಗೆ ಅಮ್ಮ ಬಂದಾಗ

ಐದು ದಿನದ ಮಟ್ಟಿಗೆ ನಾನು ಮಡಗಾಂವಿನ ಒಂದು ಮೀನೂಟದ ಹೋಟೆಲಿನ ಸರ್ವಾಧಿಕಾರಿಯಾಗಿದ್ದೆ. ಎಂಬತ್ತರ ದಶಕದ ಮಾತು. ಎಂಟು ದಿನಕ್ಕೆಂದು ಮುಂಬೈಗೆ ಹೊರಟು ನಿಂತ ಪಾತ್ರಾಂವ್, ಅಂದರೆ ನಮ್ಮ ಮಾಲಕರು, ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ: "ಗಾಜಿನ ಪೆಟ್ಟಿಗೆಯ ಐದು ಮೀನು ಜೋಪಾನ. ನಾನು ಬಂದಾಗ ಅವು ಚೆನ್ನಾಗಿದ್ದರೆ ನೀನೇ ಕಾಯಂ ಮ್ಯಾನೇಜರ್."

ಅವು ತಿನ್ನುವ ಮೀನಲ್ಲ, ನೋಡುವ ಮೀನು. ಸಮುದ್ರದ ನೀರಿನಲ್ಲೇ ಬದುಕುವ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಶ್ರೀಮಂತರು. ವಿಜಾಪುರ ಕಡೆಯ ಗಂಡಸಿಗೆ ಐದು ಮೀನು ನೋಡಿಕೊಳ್ಳುವುದೇನು ಕಷ್ಟ? ಎಮ್ಮೆ ಸಾಕಿದವನು ನಾನು!

ಎರಡನೆಯ ದಿನವೇ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಗುಳ್ಳೆ ಎದ್ದವು. ಅಡುಗೆಮನೆಯಲ್ಲಿ ಕೈಯಾಡಿಸಲು ಬರುತ್ತಿದ್ದ ನನ್ನ ಹೆಂಡತಿ ಶಾಂತವ್ವ ಗಾಜಿಗೆ ಮೂಗು ಹಚ್ಚಿ ನೋಡಿದವಳೇ ಕೈ ಮುಗಿದಳು.

"ಅಯ್ಯ, ಮೀನಕ್ಕ ಅಮ್ಮ ಬಂದಾಳ್ರಿ!"

"ಮೀನಕ್ಕೂ ಬರ್ತಾಳೇನ?"

"ನಿಮ್ಮಂಥಾರಿಗೇ ಬಂದಾಳ, ಮೀನಕ್ಕ ಬರೂದಿಲ್ಲೇನ್ರಿ?"

ಚಿಕ್ಕಂದಿನಲ್ಲಿ ನನಗೆ ಬಂದಿದ್ದು ನಿಜ. ಮುಖದ ಮೇಲೆ ಗುರುತೂ ಇದೆ. ವಾದ ಅಲ್ಲಿಗೆ ಮುಗಿಯಿತು.

ಚಿಕಿತ್ಸೆ ವಿಧಿಪೂರ್ವಕವಾಗಿ ಆರಂಭವಾಯಿತು. ಪೆಟ್ಟಿಗೆಗೆ ಬೇವಿನ ತೋರಣ, ನೀರಿಗೆ ಬೇವಿನ ರಸ. ಮೀನುಗಳು ಮೂಲೆ ಸೇರಿದವು. ಮರುದಿನ ಅರಿಶಿನವನ್ನೂ ಕಲಸಿದೆ. ಅಡುಗೆಯ ಮೌಲಾಸಾಬ ಬಂದು ಹಳದಿ ನೀರನ್ನು ನೋಡಿದ, ನನ್ನನ್ನು ನೋಡಿದ.

"ಉಪ್ಪು ಮೊದಲ ಐತಿ. ಅರಿಶಿಣ ನೀವು ಹಾಕೀರಿ. ಇನ್ನ ಖಾರಪುಡಿ ಒಂದು ಬಿದ್ದರ ಸೀದಾ ತವಾಕ್ಕ ಬಿಡ್ತೇನ್ರಿ!"

"ತವಾ ಅನಬ್ಯಾಡಪಾ ಮೌಲಾ!" ಶಾಂತವ್ವ ಕಿವಿ ಮುಚ್ಚಿಕೊಂಡಳು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ. ನಮ್ಮ ಕಡೆಯ ಕಟ್ಟಳೆ ಅದು.

ಆದರೆ ಆ ಹೋಟೆಲು ನಿಂತಿದ್ದೇ ಕರಿದ ಬಾಂಗಡೆಯ ಮೇಲೆ! ನಾನು ಗಂಟಲು ಸರಿಮಾಡಿಕೊಂಡು ಆಜ್ಞೆ ಹೊರಡಿಸಿದೆ: ಈ ಕ್ಷಣದಿಂದ ಮೀನು ಕರಿಯುವುದನ್ನು ನಿಲ್ಲಿಸತಕ್ಕದ್ದು. ಗಿರಾಕಿಗಳಿಗೆ ಶಾಂತವ್ವ ಕಲಸುವ ಮೊಸರನ್ನ ಬಡಿಸತಕ್ಕದ್ದು.

ಹಳೆಯ ಗಿರಾಕಿಯೊಬ್ಬರು ತಟ್ಟೆಯನ್ನು ದಿಟ್ಟಿಸಿ, "ಮನೆಯಲ್ಲಿ ಯಾರಾದರೂ ಹೋದರಾ?" ಎಂದು ಮೆಲ್ಲಗೆ ಕೇಳಿದರು.

ನಾಲ್ಕನೆಯ ದಿನ ಹೋಗಿದ್ದು ಒಂದು ಮೀನು. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಅದನ್ನು ಬೇವಿನೆಲೆಯ ಮೇಲೆ ಎತ್ತಿಟ್ಟು ಕೈ ಮುಗಿದೆ. ಅದೇ ಹೊತ್ತಿಗೆ ಮುಂಬೈಯಿಂದ ಟ್ರಂಕ್ ಕಾಲ್ ಬಂತು.

"ಮೀನು ಹೇಗಿವೆ?"

"ನಾಕೂ ಚಲೋ ಅದಾವ್ರಿ!"

"ನಾಲ್ಕೂ?"

ಫೋನು ಇಟ್ಟುಬಿಟ್ಟೆ. ಆ ಐದು ದಿನಗಳಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಮರುದಿನ ಬೆಳಿಗ್ಗೆಯ ಬಸ್ಸಿಗೇ ಪಾತ್ರಾಂವ್ ಬಂದಿಳಿದರು. ಹಳದಿ ನೀರು ಮತ್ತು ಬೇವಿನ ತೋರಣ ನೋಡಿ ಕುರ್ಚಿಯಲ್ಲಿ ಕುಸಿದರು.

"ಕಪಾಟಿನಲ್ಲಿ ನೀಲಿ ಔಷಧಿಯ ಬಾಟಲಿ ಇತ್ತಲ್ಲ? ಈ ಗುಳ್ಳೆ ರೋಗಕ್ಕೆಂದೇ ತಂದಿಟ್ಟಿದ್ದು. ಎಲ್ಲಿ ಅದು?"

ನಾನು ಮೆಲ್ಲಗೆ ನನ್ನ ಅಂಗಿ ನೋಡಿಕೊಂಡೆ. ಮ್ಯಾನೇಜರಾಗುವವನ ಬಟ್ಟೆ ಬೆಳ್ಳಗಿರಲಿ ಎಂದು, ಅದನ್ನು ಬಟ್ಟೆಗೆ ಹಾಕುವ ನೀಲಿ ಎಂದೇ ತಿಳಿದು, ಮುಕ್ಕಾಲು ಬಾಟಲಿಯನ್ನು ಬಕೆಟ್ಟಿಗೆ ಸುರಿದಿದ್ದೆ!

ಅವರು ಹೊಸದಾಗಿ ಸಮುದ್ರದ ನೀರು ತರಿಸಿ, ಉಳಿದ ಔಷಧಿಯನ್ನು ಹನಿ ಹನಿಯಾಗಿ ಬಿಟ್ಟು, ನಾಲ್ಕು ಮೀನುಗಳನ್ನು ಬದುಕಿಸಿಕೊಂಡರು.

ಮಧ್ಯಾಹ್ನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ನಮ್ಮ ಕಡೆಯ ಹಮಾಲರು ಹಿಂಡುಗಟ್ಟಿ ಬಂದರು. "ಅಕ್ಕಾರ, ನಿನ್ನಿನಂಥಾ ಮೊಸರನ್ನ ಐತೇನ್ರಿ? ಊರಾಗ ಉಂಡಂಗಾತ್ರಿ!"

ಪಾತ್ರಾಂವ್ ತುಂಬಿದ ಟೇಬಲುಗಳನ್ನು ನೋಡಿದರು. ಶಾಂತವ್ವನನ್ನು ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಕಾಯಂ ಮ್ಯಾನೇಜರ್ ನೇಮಕ ಅದೇ ವಾರ ಆಯಿತು. ಶಾಂತವ್ವನದು! ಹೊಸ ಮ್ಯಾನೇಜರ್ ಅಧಿಕಾರ ವಹಿಸಿಕೊಂಡ ತಕ್ಷಣ ನನಗೂ ಒಂದು ಹುದ್ದೆ ಕೊಟ್ಟಳು. ಮೀನಿನ ಪೆಟ್ಟಿಗೆಯ ಗಾಜು ಒರೆಸುವುದು. ಹೊರಗಿನಿಂದ ಮಾತ್ರ.