ನೈರೋಬಿಯ ಕಿವಿಗೆ ಲೇಗೋಸಿನ ತೊಡೆ

ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸದಲ್ಲಿ ಕೂದಲು ನರೆತವನಿಗೆ ಇಂಥದ್ದು ತಪ್ಪಿದ್ದಲ್ಲ. ಜನ ದೂರ ಕೇಳುತ್ತಾರೆ, ಹೇಳಿದರೆ ನಂಬುವುದಿಲ್ಲ. ಹೊರಗಿನವರಾದರೆ ಚಹಾ ಕುಡಿದು ಮರೆಯಬಹುದು. ಮನೆಯವರೇ ನಂಬದಿದ್ದರೆ ದೇವರೇ ಗತಿ.

ಒಂದು ಗೇಣು

ಮಗಳು ನೈರೋಬಿಯಲ್ಲಿ, ಮಗ ಲೇಗೋಸಿನಲ್ಲಿ, ನಾವಿಬ್ಬರು ದೋಹಾದ ಮದೀನತ್ ಖಲೀಫಾದಲ್ಲಿ. ಮಗಳ ಕೂಸಿಗೆ ಕಿವಿ ಚುಚ್ಚಿಸಬೇಕಿತ್ತು. ನಮ್ಮಲ್ಲಿ ಅದು ಸೋದರಮಾವನ ತೊಡೆಯ ಮೇಲೆಯೇ ಆಗಬೇಕು. ನನಗೆ ರಜೆ ಸಿಗಲಿಲ್ಲ. ಮಗನಾದರೂ ಮುಟ್ಟಬೇಕು.

“ಅವನು ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಸಾಕಲ್ಲ,” ಎಂದಳು ಹೆಂಡತಿ. “ಇಬ್ಬರೂ ಆಫ್ರಿಕಾದಲ್ಲೇ ಇರುವುದು.”

“ಇಲ್ಲಿಂದ ಮಂಗಳೂರಿಗಿಂತ ದೂರ ಉಂಟು ಮಾರಾಯ್ತಿ. ನೇರ ವಿಮಾನಕ್ಕೇ ಐದು ಗಂಟೆ.”

ಅವಳು ಗೋಡೆಯ ಭೂಪಟದ ಮೇಲೆ ಕೈಯಿಟ್ಟು ಅಳೆದಳು. “ಒಂದು ಗೇಣೂ ಇಲ್ಲ. ಟಿಕೆಟ್ ಮಾರುವವರಿಗೆ ಎಲ್ಲವೂ ದೂರವೇ.”

ದಾರಿ

ಮುಶೈರಿಬ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವನು ಬಂಟ್ವಾಳದ ಕಡೆಯ ಬ್ಯಾರಿ. ಕಂಪ್ಯೂಟರ್ ನೋಡಿ ತಲೆಯಾಡಿಸಿದ.

“ನೇರ ವಿಮಾನದ ಸೀಟು ಖಲಾಸ್ ಅಣ್ಣ. ದೋಹಾಕ್ಕೆ ಬಂದು ಹೋಗಬೇಕು. ಇಲ್ಲಿಗೆ ಏಳೂವರೆ ಗಂಟೆ, ಇಲ್ಲಿಂದ ಐದೂವರೆ.”

“ಆಫ್ರಿಕಾದಿಂದ ಆಫ್ರಿಕಾಕ್ಕೆ ಹೋಗಲು ಅರಬ್ಬರ ಊರಿಗೆ ಬರುವುದಾ?”

“ಎಲ್ಲರೂ ನೇರ ಹೋದರೆ ನೀವೂ ನಾನೂ ಊಟ ಮಾಡುವುದು ಎಲ್ಲಿಂದ?”

ಸೂರ್ಯ

ಎರಡು ವಿಮಾನಗಳ ನಡುವೆ ಬಿಡುವು ಬಹಳ ಕಮ್ಮಿ. ನನಗೆ ಹೆದರಿಕೆಯಾಗಿ, ಬೆಳಗಿನ ಮುಹೂರ್ತವನ್ನು ಸಂಜೆಗೆ ದೂಡಬಹುದೇ ಎಂದು, ಅದನ್ನು ಇಟ್ಟುಕೊಟ್ಟ ಊರಿನ ಭಟ್ಟರಿಗೆ ಫೋನ್ ಮಾಡಿದೆ.

“ವಿಮಾನ ತಡವಾದರೆ ಗ್ರಹಗಳು ನಿಂತು ಕಾಯುತ್ತವಾ?”

“ಅಲ್ಲ ಭಟ್ರೇ, ಲೆಕ್ಕ ಹಾಕಿದ್ದಾದರೂ ನೈರೋಬಿಯ ಸೂರ್ಯೋದಯಕ್ಕೆ ತಾನೇ?”

ಆ ಕಡೆ ಪಂಚಾಂಗದ ಹಾಳೆ ಮಗುಚಿದ್ದು ಕೇಳಿಸಿತು. ಆಮೇಲೆ ಹೇಳಿದರು, “ಅವರಿಗೂ ಇದೇ ಸೂರ್ಯ ಅಲ್ವಾ? ಎಷ್ಟೆಂದು ವ್ಯತ್ಯಾಸವಾದೀತು!” ಮರುದಿನ ತಾವಾಗಿಯೇ ಫೋನ್ ಮಾಡಿ, ಮುಹೂರ್ತವನ್ನು ಸದ್ದಿಲ್ಲದೆ ಸರಿಮಾಡಿ ಕೊಟ್ಟರು. ಆದರೆ ಸಂಜೆಗಲ್ಲ. ಬೆಳಿಗ್ಗೆ ಇನ್ನೂ ಬೇಗ.

ತೊಡೆ

ಲೇಗೋಸಿನಿಂದ ವಿಮಾನ ತಡವಾಗಿ ಹೊರಟಿತು. ಮಗ ದೋಹಾದಲ್ಲಿ ಇಳಿಯುವಾಗ ನೈರೋಬಿಯ ವಿಮಾನ ಹೋಗಿಯಾಗಿತ್ತು. ಮುಂದಿನ ಸೀಟು ಮರುದಿನಕ್ಕೆ. ವಿಮಾನ ನಿಲ್ದಾಣದಿಂದ ಹೊರಗೆ ಹೋಗಲು ಒಪ್ಪಿಗೆ ಸಿಕ್ಕಿದ್ದರಿಂದ ಟ್ಯಾಕ್ಸಿ ಹಿಡಿದು, ಮುಹೂರ್ತದ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತ. ವರ್ಷಗಳಾದ ಮೇಲೆ ನೋಡುವ ಮಗನ ಮುಖ. ಹೆಂಡತಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ನಾನು ದೇವರ ಮುಂದೆ ಕೂತೆ. ಇಷ್ಟು ಮಾಡಿಯೂ ಕೂಸಿಗೆ ಮಾವನ ತೊಡೆ ಇಲ್ಲ.

ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು. ಮಗನನ್ನು ಮಣೆಯ ಮೇಲೆ ಕೂರಿಸಿ, ತೊಡೆಯ ಮೇಲೆ ಮಡಿಬಟ್ಟೆ ಹಾಸಿ, ಅದರ ಮೇಲೆ ಅವನ ಮೊಬೈಲ್ ಇಟ್ಟಳು. ಅದರೊಳಗೆ ನೈರೋಬಿಯ ಕೂಸು ಪಿಳಿಪಿಳಿ ನೋಡುತ್ತಿತ್ತು. ನನ್ನ ಮೊಬೈಲಿನಲ್ಲಿ ಊರಿನಿಂದ ಭಟ್ಟರ ಮಂತ್ರ.

ನಡುವೆ ಭಟ್ಟರು ನಿಲ್ಲಿಸಿ ಕೇಳಿದರು. “ಕೂಸು ಸೋದರಮಾವನ ತೊಡೆಯ ಮೇಲೆ ಕೂತಿದೆಯಾ?”

ಹೆಂಡತಿ ಬಗ್ಗಿ ನೋಡಿದಳು. “ಕೂತಿದೆ ಭಟ್ರೇ. ಸ್ವಲ್ಪ ಬೇಗ ಮುಗಿಸಿ, ಕೂಸಿನ ಚಾರ್ಜ್ ಮುಗಿಯುತ್ತಾ ಬಂತು.”