ನಾಲ್ಕು ಬೆರಳು, ನಾಲ್ಕು ಇಟ್ಟಿಗೆ

ಹೋದ ವರ್ಷದ ಫುಟ್‌ಬಾಲ್ ಲೀಗಿನ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ, ಸೇತುವೆಯಾಚೆಯ ತಂಡದ, ಜನ ಏಣಿ ಎಂದು ಕರೆಯುವ ಉದ್ದನೆಯ ಆಟಗಾರ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ವಾಪಸು ಬಂದಿತ್ತು. ಅದು ಎಷ್ಟು ಕೆಳಗಿದ್ದಿದ್ದರೆ ಒಳಗೆ ಹೋಗುತ್ತಿತ್ತು ಎಂಬುದನ್ನು ದರ್ಜಿಯ ಅಂಗಡಿಯಲ್ಲಿ ಎಂಟು ತಿಂಗಳಿಂದ ಚರ್ಚಿಸುತ್ತಿದ್ದರು. ಈ ವರ್ಷದ ಲೀಗಿನ ಮೊದಲ ಪಂದ್ಯವೂ ಅದೇ ತಂಡದ ಮೇಲೆ, ಅಂದೇ ಸಂಜೆ ನಾಲ್ಕಕ್ಕೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಅಂಗಡಿಯ ಬೆಂಚು ತುಂಬಿತ್ತು.

"ಏಣಿ ಈ ಸಲ ಇನ್ನೂ ಉದ್ದ ಆಗಿದಾನಂತೆ," ಎಂದ ಅಂಚೆಯವನು.

"ಇಪ್ಪತ್ತೆಂಟು ವರ್ಷದವ್ನು ಉದ್ದ ಆಗ್ತಾನೇನಯ್ಯ?" ಎಂದ ದರ್ಜಿ.

"ಏಣಿ ಅಲ್ವಾ, ಇನ್ನೊಂದು ಮೆಟ್ಲು ಹಾಕಿಸ್ಕೊಂಡಿರ್ತಾನೆ. ಅವತ್ತು ಆ ಚೆಂಡು ಎರಡೇ ಎರಡು ಬೆರಳು ಕೆಳಗಿದ್ದಿದ್ರೆ ನಮ್ಮ ಕತೆ ಮುಗೀತಿತ್ತು."

"ಎರಡಲ್ಲ, ನಾಲ್ಕು!" ಎಂದು ಬೆಂಚಿನವರೆಲ್ಲ ಎದ್ದು ನಿಂತು ಬೆರಳು ತೋರಿಸಿದರು, ಎದ್ದವರು ಮರುಗಳಿಗೆಯೇ ಕೈ ಇಳಿಸಿ ಪ್ಯಾಂಟು ಮೇಲೆಳೆದುಕೊಂಡರು. ಆ ದರ್ಜಿ ಹೊಲಿದ ಪ್ಯಾಂಟು ಯಾರ ಸೊಂಟದಲ್ಲೂ ನಿಲ್ಲುತ್ತಿರಲಿಲ್ಲ. ಕೇಳಿದರೆ, "ಒಗೆದ ಮೇಲೆ ಕುಗ್ಗುತ್ತೆ," ಎನ್ನುತ್ತಿದ್ದ. ಹತ್ತು ವರ್ಷದಿಂದ ಒಗೆಯುತ್ತಿದ್ದರು.

"ಚೆಂಡು ಮೇಲಿತ್ತೋ, ನಮ್ಮ ಅಡ್ಡಪಟ್ಟಿನೇ ಕೆಳಗಿತ್ತೋ ಯಾರಿಗ್ಗೊತ್ತು?" ಎಂದು ಅಂಚೆಯವನು ಕಣ್ಣು ಹೊಡೆದ. "ಕಂಬ ನೆಟ್ಟೋನು ನಮ್ಮ ಗೆರೆಯಣ್ಣ ತಾನೇ!"

ಎಲ್ಲರೂ ನಕ್ಕರು. ಗೋಲಿನ ಹರಿದ ಬಲೆ ಹೊಲಿಸಲು ಮೂಲೆಯಲ್ಲಿ ಕೂತಿದ್ದ ಗೆರೆಯಣ್ಣ ಮಾತ್ರ ನಗಲಿಲ್ಲ.

ಗೆರೆಯಣ್ಣ ಮೈದಾನದ ಕಾವಲುಗಾರ. ಪಂದ್ಯಕ್ಕೆ ಸುಣ್ಣದ ಗೆರೆ ಎಳೆಯುವವನು ಅವನೇ ಆದ್ದರಿಂದ ಆ ಹೆಸರು. ಗೇಟಿಗೆ ಬೀಗ ಹಾಕಿ ಹೋದವನು ಮೂರು ಸಲ ಹಿಂತಿರುಗಿ ಬಂದು ಬೀಗ ಅಲ್ಲಾಡಿಸಿ ನೋಡುತ್ತಿದ್ದ. ಲೀಗಿನ ನಿಯಮದ ಪುಸ್ತಕ ಅವನಿಗೆ ಬಾಯಿಪಾಠ. ಗೋಲಿನ ಎತ್ತರ ಇನ್ನೂರ ನಲವತ್ತನಾಲ್ಕು ಸೆಂಟಿಮೀಟರ್ ಇರತಕ್ಕದ್ದು. ತಪ್ಪಿದ್ದರೆ ಪಂದ್ಯ ಎದುರಾಳಿಗೆ, ಮೈದಾನದವನು ಮನೆಗೆ. ಮೂರು ಗಂಟೆಗೆ ಲೀಗಿನ ಪರಿವೀಕ್ಷಕರು ಬರುವವರಿದ್ದರು.

ನೆಟ್ಟಾಗ ಅಳೆದಿದ್ದೆನಲ್ಲ? ಅಳೆದಿದ್ದೆ. ಸರಿಯಾಗಿ ಅಳೆದಿದ್ದೆನೇ? ಮತ್ತೆ ಅಳೆಯೋಣವೆಂದರೆ ಕ್ಲಬ್ಬಿನ ಉಕ್ಕಿನ ಟೇಪನ್ನು ಯಾರೋ ಹೇಳದೆ ಕೇಳದೆ ಒಯ್ದು ಒಂದು ವರ್ಷವಾಗಿತ್ತು.

"ಒಂದು ಟೇಪ್ ಕೊಡ್ತೀಯಾ? ಸಂಜೆ ವಾಪಸ್ ತರ್ತೀನಿ," ಎಂದ ದರ್ಜಿಗೆ, ಮೆಲ್ಲಗೆ.

"ಕೊರಳಲ್ಲಿರೋದು ಗಿರಾಕಿಗಳ ಅಳತೆಗೆ, ಅದನ್ನ ಕೊಡಲ್ಲ. ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಇನ್ನೊಂದಿದೆ, ತಗೋ. ನಮ್ಮಪ್ಪನ ಕಾಲದ್ದು. ಅದ್ರಲ್ಲೇ ಇಡೀ ಊರಿಗೆ ಪ್ಯಾಂಟು ಕತ್ತರಿಸಿದೀನಿ. ಏನು ಅಳೀಬೇಕು?"

"ಏನಿಲ್ಲ, ಗೆರೆ."

ಒಂಬತ್ತಕ್ಕೆ ಗೆರೆಯಣ್ಣ ಸ್ಟೂಲಿನ ಮೇಲೆ ಹತ್ತಿ ಅಡ್ಡಪಟ್ಟಿಯಿಂದ ನೆಲದ ಕಡೆಗೆ ಟೇಪು ಇಳಿಬಿಟ್ಟ. ನೂರೈವತ್ತಕ್ಕೆ ಟೇಪು ಮುಗಿಯಿತು. ಪೆನ್ಸಿಲಿನಿಂದ ಗುರುತು ಹಾಕಿ ಉಳಿದದ್ದನ್ನು ಅಳೆದ. ಇನ್ನೂರ ಮೂವತ್ತಾರು. ಇನ್ನೊಮ್ಮೆ ಅಳೆದ. ಕನ್ನಡಕ ಒರೆಸಿಕೊಂಡು ಅಳೆದ. ಆಚೆ ಬದಿಯ ಗೋಲಿಗೆ ಓಡಿ ಅಳೆದ. ಅಲ್ಲೂ ಇನ್ನೂರ ಮೂವತ್ತಾರು.

ಸರಿಯಾಗಿ ನಾಲ್ಕು ಬೆರಳು ಕಡಿಮೆ.

ಅಂದರೆ ಹೋದ ವರ್ಷ ಊರು ಗೆದ್ದದ್ದು ತನ್ನ ತಪ್ಪಿನಿಂದ! ಈ ವರ್ಷ ಊರು ಸೋಲುವುದೂ ತನ್ನ ತಪ್ಪಿನಿಂದ!

ಕಂಬಗಳನ್ನು ನಾಲ್ಕು ಬೆರಳು ಎತ್ತರಿಸಬೇಕು. ನಾಲ್ಕು ಬೆರಳೆಂದರೆ ಒಂದು ಇಟ್ಟಿಗೆಯ ದಪ್ಪ. ಎರಡು ಗೋಲಿಗೆ ನಾಲ್ಕು ಕಂಬ, ನಾಲ್ಕು ಇಟ್ಟಿಗೆ. ನಾಲ್ಕು ಇಟ್ಟಿಗೆ ಎಂದಾಕ್ಷಣ ಅವನಿಗೆ ನೆನಪಾದದ್ದು ಮನೆಯಲ್ಲಿದ್ದ ಅತ್ತೆಯ ಮಂಚ. ಮಂಡಿನೋವಿನ ಅತ್ತೆಗೆ ಏಳಲು ಕೂರಲು ಸುಲಭವಾಗಲೆಂದು ನಾಲ್ಕು ಕಾಲಿಗೂ ಅವನೇ ಇಟ್ಟಿಗೆ ಕೊಟ್ಟಿದ್ದ. ಅತ್ತೆ ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಇಟ್ಟಿಗೆಗಳು ಕೈಚೀಲ ಸೇರಿದವು.

ಹಾರೆ ಹಾಕಿ ಮೊದಲ ಕಂಬ ಮೀಟುತ್ತಿದ್ದಾಗ ಅಂಚೆಯವನ ಸೈಕಲ್ ಬಂದು ನಿಂತಿತು.

"ಏನಣ್ಣ, ನಿಧಿ ಸಿಕ್ತಾ?"

"ಗೆದ್ದಲು," ಎಂದ ಗೆರೆಯಣ್ಣ, ಬಾಯಿಗೆ ಬಂದದ್ದನ್ನು.

"ಕಬ್ಬಿಣದ ಕಂಬಕ್ಕೆ ಗೆದ್ದಲಾ?"

"ಈಗೀಗ ಬರುತ್ತೆ."

ಅಂಚೆಯವನಿಗೆ ಅನುಮಾನಕ್ಕಿಂತ ಪರೋಪಕಾರ ಜಾಸ್ತಿ. ಹಾರೆಯ ತುದಿಯ ಮೇಲೆ ಕೂತು ಭಾರ ಹಾಕಿದ. ನಾಲ್ಕೂ ಕಂಬ ಏಳುವವರೆಗೆ ಏಣಿಯ ಎಡಗಾಲು ಬಲಗಾಲುಗಳ ಬಗ್ಗೆ ಉಪನ್ಯಾಸ ಕೊಟ್ಟು ಹೋದ. ಹನ್ನೊಂದರ ಹೊತ್ತಿಗೆ, ಸೇತುವೆಯಾಚೆಯವರು ನಮ್ಮ ಮೈದಾನಕ್ಕೆ ಗೆದ್ದಲು ತಂದು ಬಿಟ್ಟಿದ್ದಾರೆ ಎಂದು ಊರೆಲ್ಲ ಹಲ್ಲು ಕಡಿಯುತ್ತಿತ್ತು.

ಮೂರಕ್ಕೆ ಪರಿವೀಕ್ಷಕರು ಬಂದರು. ಊಟ ಜಾಸ್ತಿಯಾದ ನಡಿಗೆ, ಹೆಗಲಿಗೆ ಬಿಗಿದ ಚೀಲ.

"ನನ್ನ ಟೇಪು ಚೀಲದ ತಳದಲ್ಲೆಲ್ಲೋ ಇದೆ. ನಿಮ್ಮ ಕುತ್ತಿಗೇಲಿ ಇದೆಯಲ್ಲ, ಅದನ್ನೇ ಕೊಡಿ," ಎಂದು ಗೆರೆಯಣ್ಣನನ್ನು ಕೇಳಿದರು. ಅಳೆದರು. ಇನ್ನೂರ ನಲವತ್ತನಾಲ್ಕು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಭೇಷ್! ಲೀಗಿನಲ್ಲಿ ಇಷ್ಟು ಕರಾರುವಾಕ್ಕಾದ ಗೋಲು ನಾನು ನೋಡೇ ಇಲ್ಲ," ಎಂದು ಸಹಿ ಹಾಕಿದರು.

ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಗೆರೆಯಣ್ಣ ಬಿಟ್ಟ. ಅದು ಪೂರ್ತಿ ಹೊರಗೆ ಬರುವ ಮೊದಲೇ, "ಭಾವಾ!" ಎಂಬ ಕೂಗು ಕೇಳಿತು.

ಕೂಗಿದವನು ಹೆಂಡತಿಯ ತಮ್ಮ, ಊರ ತಂಡದ ಗೋಲ್‌ಕೀಪರ್. ಆಳು ಗಿಡ್ಡ, ಜಿಗಿತ ಜೋರು. ಜನ ಅವನನ್ನು ಮಿಡತೆ ಎನ್ನುತ್ತಿದ್ದರು. ಪ್ರತಿ ಪಂದ್ಯಕ್ಕೆ ಮುಂಚೆ ಒಂದೇ ಜಿಗಿತಕ್ಕೆ ಅಡ್ಡಪಟ್ಟಿಯನ್ನು ಮೂರು ಬೆರಳಿನಿಂದ ಮುಟ್ಟುವುದು ಅವನ ಪದ್ಧತಿ. ಮುಟ್ಟಿದರೆ ಧೈರ್ಯ. ಈಗ ಅವನು ಗೋಲಿನ ಕೆಳಗೆ ಬೆವರಿ ನಿಂತಿದ್ದ.

"ಏಳು ಸಲ ಹಾರಿದೆ ಭಾವ. ಕೈಗೆ ಸಿಕ್ತಾ ಇಲ್ಲ. ನಾನು ಕುಗ್ಗಿದೀನಾ?"

"ಛೆ, ಕುಗ್ಗೋದಕ್ಕೆ ನೀನೇನು ಬಟ್ಟೆನಾ?"

"ಮತ್ತೆ ಈ ಚಡ್ಡಿ ಯಾಕೆ ಜಾರ್ತಾ ಇದೆ? ನಿಜ ಹೇಳು ಭಾವ, ನನಗೇನಾದ್ರೂ ರೋಗನಾ?"

ಇಟ್ಟಿಗೆಯ ಸಂಗತಿ ಗೆರೆಯಣ್ಣನ ನಾಲಿಗೆಯ ತುದಿಗೆ ಬಂತು. ಹತ್ತು ಹೆಜ್ಜೆಯಲ್ಲಿ ಪರಿವೀಕ್ಷಕರು ನಿಂತಿದ್ದರು. ನುಂಗಿಕೊಂಡ. "ಇವತ್ತು ಗಾಳಿ ಭಾರ ಇದೆ," ಎಂದ.

ಮಿಡತೆ ಆಕಾಶ ನೋಡಿದ, ತನ್ನ ಕಾಲು ನೋಡಿದ. ಆಮೇಲೆ ಹಾರಲಿಲ್ಲ.

ಪಂದ್ಯದುದ್ದಕ್ಕೂ ಗೆರೆಯಣ್ಣ ಗೆರೆಯಾಚೆ ಕೂತು ಉಗುರು ಕಚ್ಚಿದ. ಕೈಯ ಉಗುರು ಮುಗಿದಾಗ ಟೇಪಿನ ತುದಿ ಕಚ್ಚಿದ. ಎರಡೂ ತಂಡಕ್ಕೆ ಗೋಲಿಲ್ಲ. ಕೊನೆಯ ನಿಮಿಷದಲ್ಲಿ ಏಣಿ ಹೋದ ವರ್ಷದ ಜಾಗದಿಂದಲೇ, ಹೋದ ವರ್ಷದ ಹಾಗೆಯೇ ಹೊಡೆದ. ಚೆಂಡು ಹೋದ ವರ್ಷದ ದಾರಿಯಲ್ಲೇ ಹೋಗಿ, ಮಿಡತೆಯ ಬೆರಳಿಗೆ ನಾಲ್ಕು ಬೆರಳು ಮೇಲೆ, ಅಡ್ಡಪಟ್ಟಿಗೆ ಕೂದಲೆಳೆ ಕೆಳಗೆ, ಬಲೆಯಲ್ಲಿ ಬಿತ್ತು.

ಜನ ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಪ್ಯಾಂಟು ಹಿಡಿದುಕೊಂಡು ಮನೆಗೆ ಹೋದರು.

ಖಾಲಿ ಮೈದಾನದಲ್ಲಿ ಅಂಚೆಯವನು ಹತ್ತಿರ ಬಂದು ಗೆರೆಯಣ್ಣನ ಬೆನ್ನು ತಟ್ಟಿದ. "ಬೇಜಾರ್ ಮಾಡ್ಕೋಬೇಡ. ಇದನ್ನ ಕೊಟ್ಟು ಹೋಗೋಣ ಅಂತ ಬಂದೆ. ಹೋದ ವರ್ಷ ಅಡುಗೆಮನೆ ಕಪಾಟು ಮಾಡಿಸೋವಾಗ ತಗೊಂಡಿದ್ದೆ, ಮರೆತೇಹೋಗಿತ್ತು."

ಅವನ ಅಂಗೈಯಲ್ಲಿ ಕ್ಲಬ್ಬಿನ ಉಕ್ಕಿನ ಟೇಪಿತ್ತು.

ಅಂಚೆಯವನು ಮರೆಯಾದ ಮೇಲೆ ಗೆರೆಯಣ್ಣ ಎರಡೂ ಟೇಪುಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಹಾಸಿದ. ಬಟ್ಟೆಯ ಟೇಪಿನ ನೂರೈವತ್ತು, ಉಕ್ಕಿನ ಟೇಪಿನಲ್ಲಿ ನೂರೈವತ್ತೈದರ ಹತ್ತಿರ ಇತ್ತು. ಎರಡು ತಲೆಮಾರು ಎಳೆದೆಳೆದು ಅದು ಹಿಗ್ಗಿತ್ತು. ಊರಿನ ಪ್ಯಾಂಟುಗಳೆಲ್ಲ ಅವನ ಕಣ್ಣಮುಂದೆ ಸಾಲಾಗಿ ಜಾರಿದವು. ಉಕ್ಕಿನ ಟೇಪಿನಲ್ಲಿ ಗೋಲು ಅಳೆದ. ಇನ್ನೂರ ಐವತ್ತೆರಡು. ಹೋದ ವರ್ಷದ್ದು ಸರಿಯಿತ್ತು. ತಪ್ಪು ಮಾಡಿದ್ದು ಇವತ್ತು.

ಕೆಲಸ ಹೋದರೂ ಸರಿ, ಎಂದುಕೊಂಡ. ಗೇಟಿನ ಬಳಿ ವಾಹನಕ್ಕೆ ಕಾಯುತ್ತಿದ್ದ ಪರಿವೀಕ್ಷಕರ ಮುಂದೆ ಎರಡೂ ಟೇಪು ಹಿಡಿದು ಎಲ್ಲವನ್ನೂ ಒಪ್ಪಿಸಿದ.

ಪರಿವೀಕ್ಷಕರು ಸಹಿ ಹಾಕಿದ ಹಾಳೆ ಹೊರತೆಗೆದರು. "ಅಳೆದವರು ಯಾರು?"

"ತಾವು, ಸಾರ್."

"ಸಹಿ ಹಾಕಿದವರು?"

"ತಾವೇ, ಸಾರ್."

"ಹಾಗಾದ್ರೆ ಗೋಲು ಸರಿಯಾಗಿದೆ." ಅವರು ಉಕ್ಕಿನ ಟೇಪನ್ನು ತೆಗೆದುಕೊಂಡು ತಮ್ಮ ಚೀಲದ ತಳಕ್ಕೆ ಹಾಕಿದರು. "ಈ ವರ್ಷ ಆ ಕಂಬಗಳನ್ನ ಯಾರೂ ಮುಟ್ಟೋ ಹಾಗಿಲ್ಲ. ಇನ್ನೊಂದು ವಿಷಯ. ಉಳಿದ ಆರು ಮೈದಾನದಲ್ಲೂ ಗೋಲು ಇದೇ ಅಳತೆಗೆ ಇರಬೇಕಲ್ಲ? ಇಲ್ಲದಿದ್ರೆ ಜನ ಮಾತಾಡ್ತಾರೆ. ನಾಳೆಯಿಂದ ನೀವೇ ಹೋಗಿ ಸರಿ ಮಾಡಿ. ಆ ಬಟ್ಟೆ ಟೇಪೇ ಇರಲಿ."

ಗೆರೆಯಣ್ಣ ಕಾಲೆಳೆಯುತ್ತ ಮನೆಗೆ ಬಂದ. ಒಳಗಿನ ಕೋಣೆಯಲ್ಲಿ ಮಿಡತೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದ. ಅಕ್ಕ ಅವನ ನೆತ್ತಿಗೆ ಸರಿಯಾಗಿ ಪೆನ್ಸಿಲಿನಿಂದ ಗೀರು ಹಾಕುತ್ತಿದ್ದಳು. ನೆಲಕ್ಕಿಳಿದ ಮಂಚದಿಂದ ಏಳಲಾಗದೆ ಅತ್ತೆ ಬೆಳಗಿನಿಂದ ಕಾಯುತ್ತಿದ್ದರು.

"ಅಳಿಯಂದ್ರೇ, ನನ್ನ ಮಂಚದ ನಾಲ್ಕು ಇಟ್ಟಿಗೆ ಎಲ್ಲಿ?"

ಗೆರೆಯಣ್ಣ ಬಾಗಿಲಲ್ಲೇ ಕುಸಿದು ಕೂತ.

"ನಾಲ್ಕಲ್ಲ, ಅತ್ತೆ," ಎಂದ. "ಇನ್ನೂ ಇಪ್ಪತ್ತನಾಲ್ಕು ಬೇಕು."