ಎರೆಮಣ್ಣಿನ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ದ ಕುರಿತು

ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಸುಸ್ಥಿತಿಯಲ್ಲಿರುವ ಡಾಂಬರು ರಸ್ತೆಯನ್ನು ಬಿಟ್ಟು ಬಂಡಿದಾರಿಯಲ್ಲಿ ಜೀಪು ಓಡಿಸುವ ಬಯಕೆಯು ಸಾಮಾನ್ಯವಾಗಿ ನಲವತ್ತರ ಆಸುಪಾಸಿನ ಗಂಡಸರಲ್ಲಿ ಕಂಡುಬರುತ್ತದೆ. ಕಾರಣ ಕೇಳಿದರೆ ಅವರು ಟೈರಿನ ಕಡೆ ನೋಡುತ್ತಾರೆ. ಸದರಿ ಬಯಕೆಯು ನನ್ನಲ್ಲಿಯೂ ಇದ್ದು, ಜೊತೆಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಕೆಂಬ ಹೆಚ್ಚುವರಿ ಬಯಕೆಯೂ ಸೇರಿಕೊಂಡಿದೆ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಲೋಪದೋಷಗಳನ್ನು ಮನ್ನಿಸಬೇಕಾಗಿ ಮೊದಲೇ ಕೋರುತ್ತೇನೆ.

ಮಗಳು ಭೂಮಿಕಾ ಒಂದನೆಯ ತರಗತಿಯಲ್ಲಿದ್ದಾಳೆ. ನಾಲ್ಕು ವರ್ಷದ ಮಗ ಬಸು ಅಂಗನವಾಡಿಗೆ ಹೋಗುತ್ತಾನೆ, ಮನಸ್ಸಿದ್ದ ದಿನ. ಬಾದಾಮಿಯ ಸುತ್ತಲಿನ ಗುಡ್ಡಗಳನ್ನು ಇವರಿಲ್ಲದೆ ಒಬ್ಬನೇ ಹತ್ತಿ ಇಳಿದು ನೋಡಿದ್ದೇನೆ. ಹಿಂದಿನ ಸೀಟಿನಿಂದ ಕಿರುಚುವವರಿಲ್ಲದಿದ್ದರೆ ಇಳಿಜಾರು ಬರೀ ಇಳಿಜಾರು. ಆದರೆ ಮಕ್ಕಳನ್ನು ಒಯ್ಯಲು ನನ್ನ ಹೆಂಡತಿ ಶೈಲಾಳ ಅನುಮತಿ ಅವಶ್ಯವಾಗಿದ್ದು, ಅದು ಬಹುಕಾಲ ಪರಿಶೀಲನೆಯಲ್ಲಿತ್ತು. ಕೊನೆಗೆ, ಬಸುರಿ ತಂಗಿಯ ಕುಬಸದ ಆರತಿಗೆಂದು ಒಂದು ದಿನ ಮುಂಚೆಯೇ ಹುನಗುಂದದ ತವರಿಗೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು ಹೇಳಿದಳು.

“ಹುಡುಗ್ರನ್ನ ಹೊಲದ ದಾರೀಲೆ ಕರಕೊಂಡ ಬರ್ತೇನಿ ಅಂತೀರಿ, ಬರ್ರಿ. ಆರತಿ ಎತ್ತೂದ್ರೊಳಗ ನಾ ಹೆಂಗ ಬಿಟ್ಟು ಹೊಂಟೇನಿ ಹಂಗ ನನ್ನ ಕೈಗೆ ಒಪ್ಪಸ್ಬೇಕು. ಒಂದೀಟು ಹೆಚ್ಚುಕಮ್ಮಿ ಆತಂದ್ರ, ಇನ್ನ ಮುಂದ ಆ ಗಾಡ್ಯಾಗ ನೀವೊಬ್ರ.”

ಮರುದಿನ ಬೆಳಿಗ್ಗೆ ನಾವು ಮೂವರೂ ಹೊರಟು, ಪಟ್ಟದಕಲ್ಲು ದಾಟಿದ ಮೇಲೆ ರಸ್ತೆ ಬಿಟ್ಟು ಹೊಲಗಳ ನಡುವಿನ ಬಂಡಿದಾರಿಗೆ ಇಳಿದೆವು. ಹಿಂದಿನ ಸಂಜೆ ಮಳೆಯಾಗಿತ್ತು. ಹಸಿ ಎರೆಮಣ್ಣಿನಲ್ಲಿ ಗಾಡಿ ಓಡಿಸುವವರಿಗೆ ನಿಯಮ ಒಂದೇ: ನಡುವೆ ನಿಲ್ಲಿಸತಕ್ಕದ್ದಲ್ಲ. ನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿಯೂ ನಿಯಮ ಒಂದೇ: ಹೇಳಿದ ಕೂಡಲೇ ನಿಲ್ಲಿಸತಕ್ಕದ್ದು.

“ಅಪ್ಪಾ, ಒಂದಕ್ಕ ಬಂತು” ಎಂದ ಬಸು.

“ಒಂಚೂರು ತಡಕೋಪಾ.”

“ತಡಕೊಂಡ ಹೇಳಾಕತ್ತೀನಿ.”

ನಿಲ್ಲಿಸಿದೆ. ಅವನ ಕೆಲಸ ಸಾಂಗವಾಗಿ ನೆರವೇರಿತು. ಜೀಪು ಮಾತ್ರ ಕದಲಲಿಲ್ಲ. ಗಾಲಿಗಳು ತಿರುಗಿ ತಿರುಗಿ ಹೊಲವನ್ನೇ ಸುತ್ತಿಕೊಂಡವು. ಕೆಳಗಿಳಿದೆ. ಒಂದು ಚಪ್ಪಲಿ ಮಣ್ಣಿನಲ್ಲೇ ಉಳಿಯಿತು. ಮೊಣಕಾಲೂರಿ ಜೀಪಿನ ಅಡಿಯನ್ನು ಪರಿಶೀಲಿಸಿದೆ. ಅಲ್ಲಿ ನನಗೆ ಪರಿಚಯವಿದ್ದ ವಸ್ತು ಯಾವುದೂ ಇರಲಿಲ್ಲ. ಬಸು ಪಕ್ಕದಲ್ಲೇ ಕೆಸರಿನಲ್ಲಿ ಕುಳಿತು, ಗಾಲಿಗೆ ಮೆತ್ತಿದ ಮಣ್ಣನ್ನು ಕಿತ್ತು, ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವಂತೆ ಒಂದು ಎತ್ತು ಮಾಡಿದ. ಆಮೇಲೆ ಇನ್ನೊಂದು. “ಅಪ್ಪಾ, ಜೋಡಿ ಆತು. ಗಾಡಿಗೆ ಹೂಡೂನು?” ಎಂದು ಕೇಳಿದ. ಆ ಗಳಿಗೆಯಲ್ಲಿ ನನ್ನ ಬಳಿ ಅದಕ್ಕಿಂತ ಉತ್ತಮವಾದ ಪ್ರಸ್ತಾವನೆ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಅಷ್ಟರಲ್ಲಿ ಭೂಮಿಕಾ ಬದುವಿನ ಮೇಲೆ ಓಡಿ, ಆಚೆ ಹೊಲದಲ್ಲಿದ್ದ ಹಿರಿಯರೊಬ್ಬರನ್ನು ಟ್ರ್ಯಾಕ್ಟರ್ ಸಮೇತ ಕರೆತಂದಳು. ಅವರು ಜೀಪನ್ನು ಒಂದು ಸುತ್ತು ಹಾಕಿ ನೋಡಿದರು.

“ನಾಕೂ ಗಾಲಿ ತಿರಗೂ ಗಾಡಿ ಅಲ್ಲೇನ್ರಿ ಇದು?”

“ಹೌದ್ರಿ ಕಾಕಾ.”

“ತಿರಗಾಕತ್ತಾವಲ್ರಿ ಮತ್ತ. ಏನ್ ತ್ರಾಸು?”

ಸರಪಳಿ ಸಿಕ್ಕಿಸುತ್ತಾ ಮತ್ತೆ ಕೇಳಿದರು: “ಡಾಂಬರ ರಸ್ತೆ ಅಲ್ಲೇ ಕಾಣಸ್ತೈತಲ್ರಿ, ದಾರಿ ತಪ್ಪಿತೇನು?”

“ಇಲ್ರಿ, ಬೇಕಂತನ ಬಂದೀವಿ.”

ಅವರು ಮಕ್ಕಳಿಬ್ಬರ ತಲೆ ಸವರಿದರು. “ಇವ್ರ ಅವ್ವಗ ಗೊತ್ತೈತೇನ್ರಿ?”

ಜೀಪು ಮೇಲೆ ಬಂತು. ಅವರದೇ ಹೊಲದ ಪಂಪಿನ ಕೆಳಗೆ ಮಕ್ಕಳನ್ನು ನಿಲ್ಲಿಸಿ ತಿಕ್ಕಿ ತೊಳೆದು, ಶೈಲಾ ಇಟ್ಟುಹೋಗಿದ್ದ ಹೊಸ ಬಟ್ಟೆ ತೊಡಿಸಿದೆ. ಅಮೀನಗಡದಲ್ಲಿ ನಿಲ್ಲಿಸಿ, ಈ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲವೆಂಬ ಷರತ್ತಿಗೊಳಪಟ್ಟು ಇಬ್ಬರಿಗೂ ಕರದಂಟು ಕೊಡಿಸಿದೆ. ಹುನಗುಂದದಲ್ಲಿ ಜೀಪನ್ನು ಎರಡು ಓಣಿ ಆಚೆ ನಿಲ್ಲಿಸಿ, ನಡೆದುಕೊಂಡು ಮನೆ ತಲುಪಿದಾಗ ಆರತಿ ಇನ್ನೂ ಎತ್ತಿರಲಿಲ್ಲ. ಗೆದ್ದೆನೆಂದೇ ಭಾವಿಸಿದೆ.

ಶೈಲಾ ಮಕ್ಕಳ ಕಿವಿಯ ಹಿಂದೆ ನೋಡಿದಳು. ಕಾಲ್ಬೆರಳ ಸಂದಿ ನೋಡಿದಳು. “ನಾ ಬಿಟ್ಟು ಹೊಂಟಾಗ ಇಷ್ಟು ಸ್ವಚ್ಛ ಇದ್ದಿಲ್ಲ ಇವು. ಖರೆ ಹೇಳ್ರಿ, ಏನಾತು?”

“ಏನೂ ಆಗಿಲ್ಲ” ಎಂದು ನಾನು ವರದಿ ಮಾಡಿದೆ.

ಬಸು ಕರದಂಟನ್ನು ಒಂದು ಗಲ್ಲಕ್ಕೆ ಸರಿಸಿ ಹೇಳಿದ: “ಅಪ್ಪ ಕೆಸರಾಗ ಬಗ್ಗಿ ಗಾಡಿಗೆ ನಮಸ್ಕಾರ ಮಾಡಾಕತ್ತಿದ್ದ. ಅಕ್ಕ ಹೋಗಿ ಟ್ರ್ಯಾಕ್ಟರ್ ತಂದ್ಲು. ನಾ ಅಪ್ಪನ ಕೂಡ ಕುಂತಿದ್ದೆ, ಅಂವ ಅಂಜಬಾರ್ದಂತ.”

ಆರತಿಗೆ ಸೇರಿದ್ದ ಹೆಂಗಸರೆಲ್ಲ ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಹಿಡಿದರು. ಅತ್ತೆಯವರು ಗೋಡೆಯ ಕಡೆ ತಿರುಗಿದರು. ಅವರ ಭುಜಗಳು ಕುಲುಕುತ್ತಿದ್ದವು. ಶೈಲಾ ಮಾತ್ರ ನಗಲಿಲ್ಲ. ಮಗಳನ್ನೊಮ್ಮೆ ಮಗನನ್ನೊಮ್ಮೆ ನೋಡಿದಳು, ಆಮೇಲೆ ನನ್ನ ಒಂಟಿ ಚಪ್ಪಲಿಯನ್ನು. ಇನ್ನು ಭಾನುವಾರಗಳಲ್ಲಿ ಹಿಂದಿನ ಸೀಟು ಖಾಲಿ ಎಂದುಕೊಂಡು ನಾನು ತಲೆ ತಗ್ಗಿಸಿದೆ.

“ಹುಡುಗ್ರು ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ” ಎಂದಳು ಕೊನೆಗೆ. “ನಿಮ್ಮೊಬ್ರನ್ನ ಕಳಿಸಿದ್ರ ಹೊಳ್ಳಿ ಕರಕೊಂಡ ಬರಾವ್ರು ಯಾರು?”

ಹೀಗಾಗಿ, ಮಕ್ಕಳನ್ನು ಕರೆದೊಯ್ಯಲು ನಾನು ಕೋರಿದ್ದ ಅನುಮತಿಯು, ನನ್ನನ್ನು ಕರೆದೊಯ್ಯಲು ಮಕ್ಕಳಿಗೆ ಮಂಜೂರಾಗಿದೆ. ಬರುವ ಭಾನುವಾರದ ಬಗ್ಗೆ ವಿನಯಪೂರ್ವಕವಾಗಿ ವಿಚಾರಿಸಿದ್ದೇನೆ. ನೋಡಿ ಹೇಳುವುದಾಗಿ ಭೂಮಿಕಾ ತಿಳಿಸಿದ್ದಾಳೆ.